ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ನಿಜಕ್ಕೂ ಎಷ್ಟು ಕಿ.ಮೀ., ಎಷ್ಟು ಗಂಟೆ? ಅವ್ವ ಒಬ್ಬರೇ ಹೋಗಬೇಕು

ಹುಬ್ಬಳ್ಳಿ_ಮಗಳು:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ನಲ್ಲಿದ್ದಾಳೆ, ಆಗಸ್ಟ್ ಕೊನೆಗೆ ಹೆರಿಗೆ ಅಂತ ಡಾಕ್ಟರ್ ದಿನ ಕೊಟ್ಟಿದ್ದಾರೆ. ಬಾಣಂತನಕ್ಕೆ ಅವ್ವ ಹೋಗಬೇಕು. ಅಪ್ಪ ಇಲ್ಲ. ನನಗೆ ಕೆಲಸ ಬಿಟ್ಟು ಹೋಗಲು ಆಗುವುದಿಲ್ಲ. ಹಾಗಾಗಿ ಅವ್ವ ಒಬ್ಬರೇ. ವೀಸಾ ಆಗಿದೆ. ವಯಸ್ಸು 63, ಸಕ್ಕರೆ ಕಾಯಿಲೆಗೆ ಮಾತ್ರೆ ತಗೋತಾರೆ, ಮೊಣಕಾಲು ನೋವು ಇದೆ. ಇಲ್ಲಿಯವರೆಗೆ ಅವರು ಹೋಗಿರುವ ಅತಿ ದೂರ ಅಂದರೆ ಕಾಶಿ, ಅದೂ ರೈಲಿನಲ್ಲಿ, ಮನೆಯವರೆಲ್ಲ ಜೊತೆಗಿದ್ದೆವು.

ಟಿಕೆಟ್ ನೋಡೋಣ ಅಂತ ಕೂತರೆ ತಲೆ ಕೆಟ್ಟುಹೋಯಿತು. ಒಂದು ಕಡೆ ದೂರ 14,000 ಕಿ.ಮೀ. ಅಂತಿದೆ, ಇನ್ನೊಂದು ಕಡೆ ಹದಿನಾರೂವರೆ ಸಾವಿರ. ಸಮಯ ಒಂದರಲ್ಲಿ 16 ಗಂಟೆ, ಒಂದರಲ್ಲಿ 22, ಮತ್ತೊಂದರಲ್ಲಿ 31. ಅದೇ ಊರಿಂದ ಅದೇ ಊರಿಗೆ ತಾನೇ? ಹೋಗುವ ಸಮಯ ಒಂದು, ಬರುವ ಸಮಯ ಇನ್ನೊಂದು. ಇದು ಯಾಕೆ ಹೀಗೆ?

ಇನ್ನೊಂದು ವಿಷಯ. ಮನೆಯ ಗೋಡೆ ಮೇಲೆ ಮಗನ ಭೂಪಟ ಇದೆ. ಅವ್ವ ನಿನ್ನೆ ಅದರ ಮುಂದೆ ನಿಂತು "ನಾ ಯಾವ ಸಮುದ್ರದ ಮ್ಯಾಲೆ ಹೋಗ್ತೀನಿ, ತೋರ್ಸು" ಅಂದರು. ಭೂಪಟದಲ್ಲಿ ನಾವು ಬಲಗಡೆ, ಅಮೆರಿಕ ಎಡಗಡೆ. ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ಅಂತ ಬೆರಳು ಎಳೆದು ತೋರಿಸಿದೆ. ಆದರೆ ಅದು ಸರಿಯೋ ತಪ್ಪೋ ನನಗೇ ಗೊತ್ತಿಲ್ಲ. ಅವರಿಗೆ ಸುಳ್ಳು ಹೇಳಿದ ಹಾಗಾಯಿತು ಅಂತ ಮನಸ್ಸಿಗೆ ಕಸಿವಿಸಿ. ಗೊತ್ತಿರುವವರು ಬಿಡಿಸಿ ಹೇಳಿ. ನೇರ ವಿಮಾನವೇ ಒಳ್ಳೆಯದಾ, ನಡುವೆ ಒಂದು ಕಡೆ ಇಳಿದು ಹೋಗುವುದು ಒಳ್ಳೆಯದಾ?

ಭೂಗೋಳ_ಮೇಷ್ಟ್ರು:

ನೋಡಮ್ಮ, ನಿಮ್ಮ ಬೆರಳಿನದಲ್ಲ ತಪ್ಪು, ಭೂಪಟದ್ದು. ದುಂಡಗಿನ ಭೂಮಿಯನ್ನು ಬಿಚ್ಚಿ ಗೋಡೆಗೆ ಅಂಟಿಸಿದರೆ ದೂರವೆಲ್ಲ ಏರುಪೇರಾಗುತ್ತದೆ. ಮಗನ ಶಾಲೆಯಲ್ಲಿ ಗ್ಲೋಬ್ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೆ ಇಟ್ಟು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಬಿಗಿಯಾಗಿ ಎಳೆಯಿರಿ. ದಾರ ಪಶ್ಚಿಮಕ್ಕೂ ಹೋಗುವುದಿಲ್ಲ, ಪೂರ್ವಕ್ಕೂ ಹೋಗುವುದಿಲ್ಲ. ಹೆಚ್ಚುಕಡಿಮೆ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು ಏರುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮದ ಅಂಚು, ಸೈಬೀರಿಯಾ, ಆಮೇಲೆ 71 ಡಿಗ್ರಿ ಉತ್ತರದಲ್ಲಿ ಆರ್ಕ್ಟಿಕ್ ಸಮುದ್ರದ ಅಂಚು, ಅಲ್ಲಿಂದ ಇಳಿಯುತ್ತಾ ಅಲಾಸ್ಕಾ, ಕೊನೆಗೆ ಕ್ಯಾಲಿಫೋರ್ನಿಯಾ. ಆ ದಾರದ ಉದ್ದವೇ ನೀವು ನೋಡಿದ 14,000 ಕಿ.ಮೀ. ಇದಕ್ಕಿಂತ ಹತ್ತಿರದ ದಾರಿ ಭೂಮಿಯ ಮೇಲೆ ಇಲ್ಲ.

ಆದರೆ ವಿಮಾನ ಆ ದಾರದ ಮೇಲೇ ಹೋಗುವುದಿಲ್ಲ. ಮೊದಲ ಅಡ್ಡಿ ಟಿಬೆಟ್. ವಿಮಾನದ ಒಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದ ಹಾಗೆ ಇಳಿದರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ ಇಳಿಸಬೇಕು, ಯಾಕೆಂದರೆ ತಲೆ ಮೇಲಿನಿಂದ ಇಳಿಯುವ ಆಕ್ಸಿಜನ್ ಮಾಸ್ಕ್ ತುಂಬಾ ಹೊತ್ತು ಬರುವುದಿಲ್ಲ. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ, ಇಳಿಯುವುದೆಲ್ಲಿಗೆ? ಅದಕ್ಕೇ ಸುತ್ತಿ ಹೋಗುತ್ತಾರೆ. ಎರಡನೆಯದು ದೇಶಗಳ ಆಕಾಶ. 2022ರಿಂದ ರಷ್ಯಾ ತನ್ನ ಆಕಾಶವನ್ನು ಅಮೆರಿಕದ ಮತ್ತು ಯುರೋಪಿನ ಬಹಳಷ್ಟು ಕಂಪನಿಗಳಿಗೆ ಮುಚ್ಚಿದೆ. ನಮ್ಮ ಏರ್ ಇಂಡಿಯಾಕ್ಕೆ ಆ ಅಡ್ಡಿ ಇರಲಿಲ್ಲ.

ಮೂರನೆಯದು ಗಾಳಿ. ನನ್ನ ಮಟ್ಟಿಗೆ ಇದೇ ದೊಡ್ಡದು. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಗಾಳಿ ಹರಿಯುತ್ತಿರುತ್ತದೆ, ಜೆಟ್ ಸ್ಟ್ರೀಮ್ ಅಂತಾರೆ. ಜಪಾನಿನ ಮೇಲೆ ಮತ್ತು ಪೆಸಿಫಿಕ್ ಮೇಲೆ ಅದಕ್ಕೆ ಸೆಳೆತ ಜಾಸ್ತಿ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಒಂದು ಲೆಕ್ಕ ನೋಡಿ. ವಿಮಾನದ ಸ್ವಂತ ವೇಗ ಗಂಟೆಗೆ 900 ಕಿ.ಮೀ. ಅಂತ ಇಟ್ಟುಕೊಳ್ಳಿ. ಹಿಂದಿನಿಂದ 100 ಕಿ.ಮೀ. ಗಾಳಿ ತಳ್ಳಿದರೆ ನೆಲದ ಲೆಕ್ಕದಲ್ಲಿ 1,000 ಆಗುತ್ತದೆ. ಅದೇ ಗಾಳಿ ಎದುರಿಗೆ ಬಂದರೆ 800. ಸುತ್ತು ಸೇರಿಸಿ 15,000 ಕಿ.ಮೀ. ದಾರಿಗೆ ಒಂದರಲ್ಲಿ 15 ಗಂಟೆ, ಇನ್ನೊಂದರಲ್ಲಿ ಹದಿನೆಂಟು ಮುಕ್ಕಾಲು ಗಂಟೆ. ದೂರ ಅಷ್ಟೇ, ಸಮಯದಲ್ಲಿ ಇಷ್ಟು ವ್ಯತ್ಯಾಸ! ಅದಕ್ಕೇ ಬೆಂಗಳೂರಿನಿಂದ ಹೋಗುತ್ತಿದ್ದ ಏರ್ ಇಂಡಿಯಾದ ನೇರ ವಿಮಾನ ಬಂಗಾಳ ಕೊಲ್ಲಿ ದಾಟಿ, ಚೀನಾ, ಜಪಾನ್ ಕಡೆಯಿಂದ ಪೆಸಿಫಿಕ್ ಮೇಲೆ ಹೋಗಿ, ಗಾಳಿಯ ಬೆನ್ನೇರಿ ಸುಮಾರು 16 ಗಂಟೆಗೆ ಮುಟ್ಟುತ್ತಿತ್ತು. ಬರುವಾಗ 17ರಿಂದ 18 ಗಂಟೆ ಹಿಡಿಯುತ್ತಿತ್ತು. ಯಾವ ದಿನ ಯಾವ ದಾರಿ ಅನ್ನುವುದನ್ನು ಆ ದಿನದ ಗಾಳಿ ನೋಡಿ ತೀರ್ಮಾನಿಸುತ್ತಾರೆ.

ಬರುವಾಗ ಎದುರು ಗಾಳಿಯನ್ನು ತಪ್ಪಿಸಲು ಉತ್ತರಕ್ಕೆ ಏರುವುದೂ ಉಂಟು. ಈ ಮಾರ್ಗದ ಮೊದಲ ನೇರ ವಿಮಾನ 2021ರ ಜನವರಿ 9ರ ಸಂಜೆ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ಉತ್ತರ ಧ್ರುವದ ಮೇಲೆ ಹಾದು, ಸುಮಾರು 17 ಗಂಟೆ ಹಾರಿ, 11ರ ನಸುಕಿನಲ್ಲಿ ದೇವನಹಳ್ಳಿಯಲ್ಲಿ ಇಳಿಯಿತು. ಕಾಕ್‌ಪಿಟ್‌ನಲ್ಲಿದ್ದ ಎಲ್ಲರೂ ಹೆಣ್ಣುಮಕ್ಕಳು, ಕ್ಯಾಪ್ಟನ್ ಜೋಯಾ ಅಗರ್ವಾಲ್. ಅವ್ವನಿಗೆ ಇದನ್ನು ಹೇಳಿ, ಧೈರ್ಯ ಬರುತ್ತದೆ.

ಸಮುದ್ರದ ಪ್ರಶ್ನೆಗೆ ಉತ್ತರ: ನೇರ ಹೋದರೆ ಬಂಗಾಳ ಕೊಲ್ಲಿ ಮತ್ತು ಪೆಸಿಫಿಕ್. ಯುರೋಪ್ ಮೇಲೆ ಹೋದರೆ ಅರಬ್ಬಿ ಸಮುದ್ರ, ಅಟ್ಲಾಂಟಿಕ್. ಆಫ್ರಿಕಾ ಮಾತ್ರ ಯಾವ ದಾರಿಯಲ್ಲೂ ಬರುವುದಿಲ್ಲ.

ಬೇ_ಏರಿಯಾ_ಅಕ್ಕ:

ಮೇಷ್ಟ್ರು ಚೆನ್ನಾಗಿ ಹೇಳಿದ್ದಾರೆ. ನಾನು ಇಲ್ಲಿಗೆ ಬಂದು ಹದಿನಾಲ್ಕು ವರ್ಷ, ಅಪ್ಪ ಅಮ್ಮ, ಅತ್ತೆ ಮಾವ ಎಲ್ಲರನ್ನೂ ಬೇರೆ ಬೇರೆ ದಾರಿಯಲ್ಲಿ ಕರೆಸಿಕೊಂಡಿದ್ದೇನೆ. ಹಾಗಾಗಿ ಕಿಲೋಮೀಟರ್ ಪಕ್ಕಕ್ಕಿಟ್ಟು ಮಾತಾಡುತ್ತೇನೆ.

ನೀವು ನೋಡಿದ 16, 22, 31 ಎಲ್ಲವೂ ಸರಿಯೇ. 16 ನೇರ ವಿಮಾನ. ಉಳಿದವು ನಡುವೆ ಇಳಿದು ಕಾಯುವ ಹೊತ್ತನ್ನೂ ಸೇರಿಸಿದ ಲೆಕ್ಕ. ದುಬೈ ಆದರೆ ಮೊದಲು ಸುಮಾರು 4 ಗಂಟೆ, ಆಮೇಲೆ ಒಂದೇ ಸಮ 16 ಗಂಟೆ. ಅಂದರೆ ನೇರ ವಿಮಾನದಷ್ಟೇ ಕೂರಬೇಕು, ಅದರ ಮೇಲೆ ಇನ್ನೊಂದು ವಿಮಾನ. ಸಿಂಗಪುರವೂ ಹಾಗೇ, ಮೊದಲು ನಾಲ್ಕೂವರೆ, ಆಮೇಲೆ ಉದ್ದದ್ದು. ಫ್ರಾಂಕ್‌ಫರ್ಟ್ ಆದರೆ ಸುಮಾರು 10 ಮತ್ತು ಹನ್ನೊಂದೂವರೆ, ಎರಡು ಭಾಗ ಹೆಚ್ಚುಕಡಿಮೆ ಸಮ. ನೀವು ಹೇಳಿದ ಹದಿನಾರೂವರೆ ಸಾವಿರ ಕಿ.ಮೀ. ಬಹುಶಃ ಈ ದಾರಿಯದ್ದೇ.

ಅವ್ವ ಒಬ್ಬರೇ, ಮೊದಲ ಸಲ, ಇಂಗ್ಲಿಷ್ ಬರುವುದಿಲ್ಲ ಅಂತಾದರೆ ನಾನು ಗಂಟೆ ಎಣಿಸುವುದಿಲ್ಲ, ಎಷ್ಟು ಸಲ ವಿಮಾನ ಬದಲಿಸಬೇಕು ಅನ್ನುವುದನ್ನು ಎಣಿಸುತ್ತೇನೆ. ನಮ್ಮ ಅಮ್ಮನಿಗೆ ಆಗಿದ್ದು ಕೇಳಿ. ಯುರೋಪಿನ ಒಂದು ಊರಿನಲ್ಲಿ ಬದಲಿಸಲು 1 ಗಂಟೆ 20 ನಿಮಿಷ ಇತ್ತು. ಸಾಕು ಅಂದುಕೊಂಡೆ. ಬೆಂಗಳೂರಿನಿಂದ ಹೊರಡುವುದೇ 50 ನಿಮಿಷ ತಡವಾಯಿತು. ವೀಲ್‌ಚೇರ್ ಹೇಳಿದ್ದೆವು, ಅದು ಬರುವಷ್ಟರಲ್ಲಿ ಮುಂದಿನ ವಿಮಾನದ ಬಾಗಿಲು ಮುಚ್ಚಿತ್ತು. ಅಮ್ಮ ಹತ್ತು ಗಂಟೆ ಅಲ್ಲಿ ಒಂದು ಕುರ್ಚಿಯಲ್ಲಿ ಕೂತಿದ್ದರು. ಫೋನಿನಲ್ಲಿ ಚಾರ್ಜ್ ಇರಲಿಲ್ಲ. ನಾನು ಇಲ್ಲಿ ಏರ್‌ಪೋರ್ಟಿನಲ್ಲಿ ನಿಂತು ಎಲ್ಲರೂ ಹೊರಗೆ ಬರುವುದನ್ನು ನೋಡುತ್ತಿದ್ದೆ, ಅಮ್ಮ ಬರಲಿಲ್ಲ. ಆ ರಾತ್ರಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಹಾಗಾಗಿ ನಡುವೆ ಇಳಿಯುವುದೇ ಆದರೆ ಕಮ್ಮಿ ಅಂದರೂ ಮೂರು ಗಂಟೆ ಬಿಡುವು ಇರಲಿ, ಮತ್ತೆ ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿ ಇರಲಿ. ಎರಡು ಬೇರೆ ಬೇರೆ ಟಿಕೆಟ್ ಅಗ್ಗಕ್ಕೆ ಸಿಗುತ್ತವೆ, ಆದರೆ ಮೊದಲನೆಯದು ತಡವಾದರೆ ಎರಡನೆಯವರು ಕೇಳುವವರೇ ಅಲ್ಲ. ನಡುವೆ ಲಗೇಜ್ ತಗೊಂಡು ಮತ್ತೆ ಕೊಡಬೇಕಾಗಿ ಬಂದರೆ ಆ ದೇಶದ ವೀಸಾ ಕೂಡ ಬೇಕಾಗಬಹುದು.

ನೇರ ವಿಮಾನದ ಬಗ್ಗೆ ಒಂದು ಎಚ್ಚರಿಕೆ. ಅದು ಶುರುವಾದ ಮೇಲೆ ನಡುವೆ ನಿಂತು, 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಗಿದ್ದು. ಈಗಲೂ ಇದೆ, ದಿನಾ ಇರುತ್ತದೆ ಅಂತ ನಂಬಿಕೊಂಡು ದಿನ ಗೊತ್ತು ಮಾಡಬೇಡಿ. ನೀವು ಹೊರಡುವ ತಿಂಗಳಿಗೆ ಇದೆಯಾ, ವಾರದಲ್ಲಿ ಯಾವ ದಿನ ಅಂತ ಮೊದಲು ನೋಡಿ.

ಇನ್ನು ಗಡಿಯಾರದ ವಿಷಯ. ಬೇಸಿಗೆಯಲ್ಲಿ ಇಲ್ಲಿಗೂ ಅಲ್ಲಿಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ, ನಾವು ಹಿಂದೆ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಹದಿಮೂರೂವರೆ. ಅವ್ವ ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದರೆ ಇಲ್ಲಿ ಇಳಿಯುವಾಗ ಸೋಮವಾರವೇ ಸಂಜೆ ಐದೂವರೆ! ದಾರಿಯಲ್ಲಿ ಒಂದು ರಾತ್ರಿ ಕಳೆದು ಮಂಗಳವಾರ ಆಗಿರುತ್ತದೆ, ಪೆಸಿಫಿಕ್ ನಡುವೆ ದಿನಾಂಕ ರೇಖೆ ದಾಟಿದಾಗ ಮತ್ತೆ ಸೋಮವಾರ. ಬರುವಾಗ ಉಲ್ಟಾ, ಸೋಮವಾರ ರಾತ್ರಿ 9ಕ್ಕೆ ಇಲ್ಲಿಂದ ಹೊರಟರೆ ಬೆಂಗಳೂರಿನಲ್ಲಿ ಬುಧವಾರ ನಸುಕಿಗೆ ಇಳಿಯುತ್ತಾರೆ. ಮಂಗಳವಾರ ಅನ್ನುವುದು ಆಕಾಶದಲ್ಲೇ ಮುಗಿದುಹೋಗುತ್ತದೆ. ಹಬ್ಬಕ್ಕೋ ಮದುವೆಗೋ ವಾಪಸ್ ಬರುವುದಿದ್ದರೆ ಈ ಒಂದು ದಿನವನ್ನು ಲೆಕ್ಕಕ್ಕೆ ತಗೊಳ್ಳಿ.

ಮಲೆನಾಡಿಗ_72:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನನಗೂ ಮೊಣಕಾಲು ನೋವು ಇದೆ, ಮಗ ಸ್ಯಾನ್ ಹೋಸೆಯಲ್ಲಿದ್ದಾನೆ, ಮೂರು ಸಲ ಹೋಗಿ ಬಂದಿದ್ದೇನೆ. ನೇರ ವಿಮಾನದಲ್ಲಿ ಹತ್ತು ಗಂಟೆ ಆದ ಮೇಲೆ ಕಾಲು ನನ್ನದೇ ಅಲ್ಲ ಅನ್ನಿಸಿತ್ತು. ಇನ್ನೊಂದು ಸಲ ಟೋಕಿಯೋ ಮೇಲೆ ಹೋದೆ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 8 ಗಂಟೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂಬತ್ತೂವರೆ ಒಳಗೆ. ನಡುವೆ ಮೂರು ಗಂಟೆ ಕಾಲು ಚಾಚಿ, ಓಡಾಡಿ, ಮುಖ ತೊಳೆದುಕೊಂಡು, ಮನೆಯಿಂದ ತಂದ ಅವಲಕ್ಕಿ ತಿಂದು ಹೊರಟೆ. ಇಳಿದಾಗ ಸುಸ್ತೇ ಇರಲಿಲ್ಲ ಅಂತಲ್ಲ, ಆದರೆ ನಡೆದುಕೊಂಡು ಹೊರಗೆ ಬಂದೆ. ಅವರವರ ಕಾಲು ನೋಡಿ ತೀರ್ಮಾನ ಮಾಡಬೇಕು.

ಭೂಗೋಳ_ಮೇಷ್ಟ್ರು:

ಇವರು ಹೇಳಿದ್ದು ಲೆಕ್ಕಕ್ಕೂ ಸರಿ ಬರುತ್ತದೆ. ಬೆಂಗಳೂರು ಟೋಕಿಯೋ ಸುಮಾರು 6,700 ಕಿ.ಮೀ., ಟೋಕಿಯೋ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 8,200. ಕೂಡಿದರೆ 14,900. ಅತಿ ಹತ್ತಿರದ ದಾರಿಗಿಂತ ಬರೀ 900 ಹೆಚ್ಚು. ದುಬೈ ಮೇಲೆ 15,700, ಫ್ರಾಂಕ್‌ಫರ್ಟ್ ಮೇಲೆ 16,500, ಸಿಂಗಪುರದ ಮೇಲೆ ಇನ್ನೂ ಸ್ವಲ್ಪ ಜಾಸ್ತಿ. ಭೂಪಟದಲ್ಲಿ ಟೋಕಿಯೋ ವಿರುದ್ಧ ದಿಕ್ಕಿನಲ್ಲಿ ಕಾಣುತ್ತದೆ, ಗ್ಲೋಬಿನಲ್ಲಿ ದಾರ ಹಿಡಿದರೆ ದಾರಿಯಲ್ಲೇ ಇದೆ.

 

ವಾರ್ಡ್_ಸಿಸ್ಟರ್:

ನಾನು ನರ್ಸ್. ಅವ್ವನ ಡಾಕ್ಟರನ್ನು ಹೊರಡುವ ಎರಡು ಮೂರು ವಾರ ಮೊದಲೇ ನೋಡಿ. ಎರಡು ವಿಷಯ ಕೇಳಿ. ಒಂದು, ಮಾತ್ರೆಯ ಹೊತ್ತು. ಇಲ್ಲಿಯ ಹಗಲು ಅಲ್ಲಿಯ ರಾತ್ರಿ, ವಿಮಾನದಲ್ಲಿ ಊಟ ಕೊಡುವ ಹೊತ್ತು ಎರಡೂ ಅಲ್ಲ. ಊಟ ಮಾಡದೆ ಗಡಿಯಾರ ನೋಡಿ ಸಕ್ಕರೆ ಮಾತ್ರೆ ನುಂಗಿದರೆ ಕೆಲವು ಮಾತ್ರೆಗಳಿಗೆ ಸಕ್ಕರೆ ತೀರಾ ಇಳಿದುಬಿಡುತ್ತದೆ. ಯಾವ ಮಾತ್ರೆ ಯಾವ ಊಟದ ಜೊತೆ ಅಂತ ಡಾಕ್ಟರ ಹತ್ತಿರವೇ ಒಂದು ಚೀಟಿ ಬರೆಸಿಕೊಳ್ಳಿ, ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಮಾತ್ರೆಗಳೆಲ್ಲ ಕೈಚೀಲದಲ್ಲೇ ಇರಬೇಕು, ದೊಡ್ಡ ಸೂಟ್‌ಕೇಸಿನಲ್ಲಿ ಇಡಲೇಬೇಡಿ. ತಿನ್ನಲು ಏನಾದರೂ, ಎರಡು ಮೂರು ಚಾಕೊಲೇಟ್ ಕೈಗೆ ಸಿಗುವ ಹಾಗೆ ಇರಲಿ.

ಎರಡು, ಕಾಲು. ನಾಲ್ಕು ಗಂಟೆಗಿಂತ ಜಾಸ್ತಿ ಅಲ್ಲಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಬಿಗಿ ಕಾಲುಚೀಲ ಹಾಕಬಹುದಾ ಅಂತ ಡಾಕ್ಟರನ್ನು ಕೇಳಿ. ಒಂದೆರಡು ಗಂಟೆಗೊಮ್ಮೆ ಎದ್ದು ಓಡಾಡಲಿ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಲಿ. ಅದಕ್ಕೆ ಕಿಟಕಿ ಸೀಟು ಬೇಡ, ಓಡಾಡುವ ದಾರಿ ಪಕ್ಕದ ಸೀಟು ತಗೊಳ್ಳಿ. ಪಕ್ಕದವರನ್ನು ಎಬ್ಬಿಸಬೇಕಲ್ಲಾ ಅಂತ ನಮ್ಮ ತಾಯಂದಿರು ಸುಮ್ನೆ ಕೂತುಬಿಡುತ್ತಾರೆ. ನೀರೂ ಕುಡಿಯುವುದಿಲ್ಲ, ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ ಅಂತ. ವಿಮಾನದ ಒಳಗಿನ ಗಾಳಿ ತುಂಬಾ ಒಣ. ನೀರು ಕುಡಿಯಲೇಬೇಕು ಅಂತ ಅವ್ವನಿಗೆ ಗಟ್ಟಿಯಾಗಿ ಹೇಳಿ.

ಹುಬ್ಬಳ್ಳಿ_ಮಗಳು:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಕಿಟಕಿ ಸೀಟೇ ತಗೊಳ್ಳಬೇಕು ಅಂತಿದ್ದೆ, ಸಮುದ್ರ ನೋಡಲಿ ಅಂತ. ಬದಲಿಸುತ್ತೇನೆ. ನೀರಿನ ಮಾತು ನೂರಕ್ಕೆ ನೂರು ನಿಜ, ಕಾಶಿಗೆ ಹೋದಾಗಲೂ ಹಾಗೇ ಮಾಡಿದ್ದರು.

ಒಂದು ಅನುಮಾನ. ನಾವು ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಅದೇ ದಿನ ಮಧ್ಯಾಹ್ನ ವಿಮಾನ ಹತ್ತಿಸುವುದು ಅಂದುಕೊಂಡಿದ್ದೆವು. ಆಗುತ್ತಾ?

ಬೇ_ಏರಿಯಾ_ಅಕ್ಕ:

ಆಗುತ್ತೆ, ಆದರೆ ಮಾಡಬೇಡಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ 400 ಕಿ.ಮೀ. ಮೇಲೆ, ಬಸ್ಸಿನಲ್ಲಿ ನಿದ್ದೆ ಸರಿಯಾಗಿ ಬರುವುದಿಲ್ಲ. ಮೆಜೆಸ್ಟಿಕ್‌ನಿಂದ ಏರ್‌ಪೋರ್ಟಿಗೆ ಮತ್ತೆ 35 ಕಿ.ಮೀ.ಗೂ ಜಾಸ್ತಿ, ಟ್ರಾಫಿಕ್ ಇದ್ದರೆ ಎರಡು ಗಂಟೆ. ಏರ್‌ಪೋರ್ಟಿನಲ್ಲಿ ಮೂರು ನಾಲ್ಕು ಗಂಟೆ ಮೊದಲೇ ಇರಬೇಕು. ಅಮೆರಿಕದಲ್ಲಿ ಇಳಿದ ಮೇಲೆ ಇಮಿಗ್ರೇಶನ್, ಲಗೇಜ್, ಆಮೇಲೆ ಸನ್ನಿವೇಲ್‌ಗೆ 45 ಕಿ.ಮೀ. ಕಾರು. ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಕೂಡಿ ನೋಡಿ, 16 ಗಂಟೆಯ ವಿಮಾನವೂ 36 ಗಂಟೆಯ ಪ್ರಯಾಣ ಆಗುತ್ತದೆ. ಒಂದು ದಿನ ಮೊದಲೇ ಬನ್ನಿ, ನೆಂಟರ ಮನೆಯಲ್ಲಿ ರಾತ್ರಿ ಮಲಗಿ ಎದ್ದು ಹೊರಡಲಿ. ವಿದೇಶಕ್ಕೆ ಹೋಗುವ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಲ್ಲಿ, ಟ್ಯಾಕ್ಸಿಯವರಿಗೆ ಅದನ್ನು ಮೊದಲೇ ಹೇಳಿ.

ವೀಲ್‌ಚೇರನ್ನು ಟಿಕೆಟ್ ಮಾಡುವಾಗಲೇ ಹೇಳಿ, ಅದಕ್ಕೆ ದುಡ್ಡಿಲ್ಲ. ಅವ್ವ "ನನಗೇನಾಗಿದೆ, ನಡೀತೀನಿ" ಅಂತಾರೆ, ಕೇಳಬೇಡಿ. ನಡೆಯಲು ಆಗದವರಿಗೆ ಮಾತ್ರ ಅಲ್ಲ ಅದು, ತಳ್ಳುವವರು ಇಮಿಗ್ರೇಶನ್ ದಾಟಿಸಿ ಹೊರಗೆ ಕರೆದುಕೊಂಡು ಬಂದು ಬಿಡುತ್ತಾರೆ. ತಂಗಿಯ ವಿಳಾಸ, ಫೋನ್ ನಂಬರ್, ಎಷ್ಟು ದಿನ ಇರುತ್ತಾರೆ, ಯಾಕೆ ಬಂದಿದ್ದಾರೆ, ಇಷ್ಟನ್ನೂ ಇಂಗ್ಲಿಷಿನಲ್ಲಿ ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ.

ಹುಬ್ಬಳ್ಳಿ_ಮಗಳು:

ಸರಿ ಅಕ್ಕ, ಒಂದು ದಿನ ಮೊದಲೇ ಬರುತ್ತೇವೆ. ನೇರ ವಿಮಾನ ಆ ವಾರ ಸಿಕ್ಕರೆ ಅದೇ, ಇಲ್ಲದಿದ್ದರೆ ಟೋಕಿಯೋ, ಮೂರು ಗಂಟೆ ಬಿಡುವು ಇರುವುದು, ಒಂದೇ ಟಿಕೆಟ್. ತಂಗಿಗೂ ಹೇಳಿದೆ, ಒಪ್ಪಿದಳು.

ಮೇಷ್ಟ್ರೇ, ಗ್ಲೋಬ್ ತಂದೆವು. ಮಗ ದಾರ ಹಿಡಿದ, ಅವ್ವ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು. "ಅಂದ್ರ ತಂಗಿ ಇರೂದು ನಮ್ಮ ತಲಿ ಮ್ಯಾಲೆ ಹಾಯ್ದು ಆ ಕಡೆ ಇಳದ್ರ ಸಿಗ್ತದ" ಅಂದರು. ಆಮೇಲೆ ಪೆಸಿಫಿಕ್ ಮೇಲೆ ಅಂಗೈ ಇಟ್ಟು, "ಇಷ್ಟಗಲ ನೀರಾ" ಅಂತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೆಣ್ಣುಮಕ್ಕಳು ವಿಮಾನ ಓಡಿಸಿದ ಸುದ್ದಿ ಓಣಿಯಲ್ಲೆಲ್ಲ ಹೇಳಿ ಬಂದಿದ್ದಾರೆ.

ಕೊನೆಯ ಪ್ರಶ್ನೆ, ಇದು ಅವ್ವನದೇ. ಅಂಟಿನ ಉಂಡೆ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ, ಮಾವಿನ ಉಪ್ಪಿನಕಾಯಿ, ಹಿತ್ತಲಿನ ಕರಿಬೇವು, ಇವನ್ನೆಲ್ಲ ಒಯ್ಯಬಹುದಾ?

ಬೇ_ಏರಿಯಾ_ಅಕ್ಕ:

ಕರಿಬೇವು ಬಿಟ್ಟು ಉಳಿದದ್ದು ತರಬಹುದು. ಹಸಿ ಕರಿಬೇವನ್ನು ಇಲ್ಲಿ ಬಿಡುವುದೇ ಇಲ್ಲ, ಅದರ ಎಲೆಯಲ್ಲಿ ಬರುವ ಒಂದು ಹುಳುವಿನಿಂದ ಇಲ್ಲಿನ ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುತ್ತದೆ. ಹಣ್ಣು, ಬೀಜ, ಮಾಂಸದ ಪದಾರ್ಥ ಕೂಡ ಬೇಡ. ಚಟ್ನಿ ಪುಡಿಗಳನ್ನು ಕೈಚೀಲದಲ್ಲಿ ಇಡಬೇಡಿ. ಅಮೆರಿಕಕ್ಕೆ ಬರುವ ವಿಮಾನದಲ್ಲಿ 350 ಮಿ.ಲೀ. ಡಬ್ಬಿಗಿಂತ ಹೆಚ್ಚು ಪುಡಿ ಕೈಯಲ್ಲಿದ್ದರೆ ಬೇರೆ ತಪಾಸಣೆಗೆ ನಿಲ್ಲಿಸುತ್ತಾರೆ, ತೆಗೆದಿರಿಸಿಕೊಳ್ಳಲೂಬಹುದು. ಎಲ್ಲ ದೊಡ್ಡ ಸೂಟ್‌ಕೇಸಿಗೆ ಹಾಕಿ, ಉಪ್ಪಿನಕಾಯಿಗೆ ಎರಡು ಕವರ್ ಸುತ್ತಿ. ತಿನ್ನುವ ಪದಾರ್ಥ ಇದೆಯಾ ಅಂತ ಕೇಳಿದರೆ ಹೌದು ಅನ್ನಬೇಕು, ಮುಚ್ಚಿಡಬಾರದು. ಹೇಳಿದರೆ ನೋಡಿ ಬಿಡುತ್ತಾರೆ, ಹೇಳದೆ ಸಿಕ್ಕರೆ ದಂಡ.

ಕರಿಬೇವು ಸನ್ನಿವೇಲ್‌ನ ನಮ್ಮವರ ಅಂಗಡಿಗಳಲ್ಲಿ ಸಿಗುತ್ತೆ, ಅದಕ್ಕೆ ಅವ್ವ ಚಿಂತೆ ಮಾಡುವುದು ಬೇಡ. ಅಂಟಿನ ಉಂಡೆ ಮಾತ್ರ ಸಿಗುವುದಿಲ್ಲ, ಅದನ್ನು ಜಾಸ್ತಿ ಕಟ್ಟಿ ಕಳಿಸಿ.